ಇಕ್ಕಳ ಹಿಡಿದ ಧೂಳಮ್ಮ

ಮೊದಲೇ ಹೇಳಿಬಿಡುತ್ತೇನೆ, ನಾನು ಬಡಿಗ. ಕಮ್ಮಾರರನ್ನು ಹೊಗಳುವ ರೂಢಿ ನಮ್ಮ ಮನೆತನದಲ್ಲಿಲ್ಲ. ನಾವು ಬೆನ್ನು ಬಗ್ಗಿಸಿ ಕೂತು ಕುಂಟೆಯ ಮರ ಕೆತ್ತಿ ಕೊಡಬೇಕು, ಕಮ್ಮಾರ ಅದರ ಬುಡಕ್ಕೊಂದು ಕಬ್ಬಿಣದ ಪಟ್ಟಿ ಸಿಕ್ಕಿಸಿ, ಕುಂಟೆ ತಾನೇ ಮಾಡಿದೆ ಎಂಬಂತೆ ಮೀಸೆ ತಿರುವಬೇಕು. ಇದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಇಷ್ಟು ಹೊಟ್ಟೆಯುರಿ ಇಟ್ಟುಕೊಂಡ ನಾನೇ ಧೂಳಮ್ಮನ ಮಾತು ಬಂದರೆ ಎದೆಯುಬ್ಬಿಸಿಕೊಂಡು ಹೇಳುತ್ತೇನೆ. ಕೇಳುವವರು ಬೇಸತ್ತು ಎದ್ದು ಹೋದರೂ ಹೇಳುತ್ತೇನೆ.

ನಮ್ಮೂರು ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ, ಸಡಕಿನಿಂದ ತುಸು ಒಳಗಿದೆ. ನನ್ನ ಛಪ್ಪರಕ್ಕೂ ಅಂಬಾದಾಸನ ಕುಲುಮೆಗೂ ನಡುವೆ ಒಂದು ಮೋಟು ಗೋಡೆ. ಅವನು ಊರಿನ ಕಮ್ಮಾರ. ಧೂಳಮ್ಮ ಅವನ ಹೆಂಡತಿ. ಅವನು ಎಡಗೈಯಲ್ಲಿ ಇಕ್ಕಳದಿಂದ ಕಾದ ಕಬ್ಬಿಣ ಹಿಡಿದು ಐರಣ ಎಂಬ ಕಬ್ಬಿಣದ ಅಡಿಗಲ್ಲಿನ ಮೇಲಿಟ್ಟು, ಬಲಗೈಯ ಸಣ್ಣ ಸುತ್ತಿಗೆಯಿಂದ 'ಟಕ್' ಎಂದು ಜಾಗ ತೋರಿಸುತ್ತಿದ್ದ. ಎದುರಿಗೆ ಸೆರಗು ಸಿಕ್ಕಿಸಿ ನಿಂತ ಧೂಳಮ್ಮ ಘಣ ಎತ್ತಿ ಅದೇ ಜಾಗಕ್ಕೆ 'ಧಡ್' ಎಂದು ಇಳಿಸುತ್ತಿದ್ದಳು. ಘಣ ಎಂದರೆ ಸಾಮಾನ್ಯದ್ದಲ್ಲ, ಎರಡೂ ಕೈಯಿಂದ ಎತ್ತಬೇಕಾದ ದೊಡ್ಡ ಸುತ್ತಿಗೆ. ಟಕ್, ಧಡ್. ಟಕ್, ಧಡ್. ಮದುವೆಯಾಗಿ ಬಂದಾಗಿನಿಂದ, ಮಗಳನ್ನು ಹುಲಸೂರಿಗೆ ಕೊಟ್ಟ ಮೇಲೂ ಅವಳು ಮಾಡಿದ್ದು ಇದನ್ನೇ.

ಕುಲುಮೆಯ ಕಟ್ಟಳೆ ಹೀಗಿತ್ತು: ಹೆಂಗಸು ಘಣ ಹೊಡೆಯಬಹುದು, ಇಕ್ಕಳವನ್ನೂ ಸಣ್ಣ ಸುತ್ತಿಗೆಯನ್ನೂ ಮುಟ್ಟುವಂತಿಲ್ಲ. ಸಣ್ಣ ಸುತ್ತಿಗೆ ಹುಕುಂ ಕೊಡುವಂಥದ್ದು, ಘಣ ಕೇಳುವಂಥದ್ದು. ಎತ್ತಿನ ತಲೆಯಂಥ ಘಣವನ್ನು ಹೆಂಗಸಿನ ಕೈಗೆ ಕೊಟ್ಟ ಹಿರಿಯರಿಗೆ ಅಂಗೈಯಷ್ಟು ಸುತ್ತಿಗೆ ಕೊಡಲು ಯಾಕೆ ಭಯವಾಯಿತೋ, ನಾನು ಕೇಳಿದ ಯಾರೂ ಸರಿಯಾಗಿ ಹೇಳಲಿಲ್ಲ.

ತೊಂಬತ್ತೇಳನೆಯ ಇಸವಿಯ ಚಳಿಗಾಲದಲ್ಲಿ ಅಂಬಾದಾಸನ ಕಣ್ಣು ಹೋದವು. ಮೊದಲು ಮಗ್ಗುಲಿನಿಂದ ಬಂದವರು ಕಾಣಲಿಲ್ಲ, ಆಮೇಲೆ ಎದುರಿಗೆ ನಿಂತವರು. ಸೊಲ್ಲಾಪುರಕ್ಕೆ ಕರೆದುಕೊಂಡು ಹೋದೆವು. ಕಣ್ಣಿನ ನರ ಒಣಗಿದೆ, ಹೋದ ನೋಟ ತಿರುಗಿ ಬರುವುದಿಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದರು. ಬಸ್ಸಿನಲ್ಲಿ ವಾಪಸು ಬರುವಾಗ ಗಂಡಹೆಂಡತಿ ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದರು. ಮಾತಾಡದೆ ಇರಲಾಗದ ನಾನೇ ದಾರಿಯುದ್ದಕ್ಕೂ ಬೇಕಾದದ್ದು ಬೇಡವಾದದ್ದು ಒದರುತ್ತ ಬಂದೆ.

ಯುಗಾದಿ ಮುಗಿಯುತ್ತಲೇ ಬಸವಣಪ್ಪ ಪಾಟೀಲರು ಕುಲುಮೆಗೆ ಬಂದರು. ಊರಿನ ದೊಡ್ಡ ಹೊಲದವರು. ಕೆಟ್ಟ ಮನುಷ್ಯರೇನಲ್ಲ, ಆದರೆ ಹೊಲದ ಕೆಲಸದ ಮುಂದೆ ಅವರಿಗೆ ಯಾವ ಕನಿಕರವೂ ನಿಲ್ಲುವುದಿಲ್ಲ.

"ಅಂಬಾದಾಸಾ, ನಿನ್ನ ಮ್ಯಾಲ ನಮಗ ಸಿಟ್ಟಿಲ್ಲ. ಆದ್ರ ಮಿರಗ ಯಾರ ಸಲುವಾಗಿನೂ ನಿಂದರಂಗಿಲ್ಲ. ಈ ವರ್ಷ ಹ್ಯಾಂಗರ ಹುಮನಾಬಾದಿಗಿ ಹೋಗಿ ಕುಡ ಬಡಿಸ್ಕೊಂಡು ಬರ್ತೀವಿ. ಬರೋ ವರ್ಷದ ಮಿರಗಕ್ಕ ಈ ಕುಲುಮ್ಯಾಗ ಕುಡ ಬಡಿಯೋರು ಇರಬೇಕು. ಇಲ್ಲಂದ್ರ ಬೇಮಳಖೇಡದ ಕಡಿಂದ ಒಬ್ಬ ಕಮ್ಮಾರನ್ನ ತಂದು ಕೂಡಸ್ತೀವಿ."

ಕುಡ ಎಂದರೆ ಕುಂಟೆಯ ಬುಡದಲ್ಲಿ ಅಡ್ಡಲಾಗಿ ಕೂತು ಮಣ್ಣು ಸೀಳುವ ಉದ್ದನೆಯ ದಪ್ಪ ಅಲಗು. ಮಿರಗದ, ಅಂದರೆ ಮೃಗಶಿರಾ ಮಳೆಗೆ ಮುಂಚೆ ಅದನ್ನು ಕಾಯಿಸಿ, ಬಡಿದು, ಬಾಯಿ ಹರಿತ ಮಾಡಿಸದೆ ಯಾವ ರೈತನೂ ಹೊಲಕ್ಕಿಳಿಯುವುದಿಲ್ಲ. ಕುಲುಮೆಯ ಜಾಗವೂ ಅದರ ಹಿಂದಿನ ಎರಡು ಅಂಕಣದ ಮನೆಯೂ ಊರಿನವು. ಊರ ಕೆಲಸ ಮಾಡುವ ಕಮ್ಮಾರನಿಗೆಂದು ಬಿಟ್ಟವು. ಹೊಸಬ ಬಂದರೆ ಅವನು ಅಲ್ಲಿ ಕೂರುತ್ತಾನೆ, ಇವರಿಬ್ಬರು ಗಂಟು ಕಟ್ಟಬೇಕು. ಪಾಟೀಲರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಅವರು ಹೋದ ಮೇಲೆ ಧೂಳಮ್ಮ ಮೋಟು ಗೋಡೆಯ ಹತ್ತಿರ ಬಂದು ನಿಂತಳು. ಕೈಯಲ್ಲಿ ಗಂಡನ ಸಣ್ಣ ಸುತ್ತಿಗೆ.

"ಗುರುನಾಥಣ್ಣ, ಇದಕ್ಕ ಬ್ಯಾರೆ ಕಾವು ಹಾಕಿ ಕೊಡ್ರಿ. ಅವರ ಕಾವು ನನ್ನ ಮುಷ್ಟಿಗಿ ದಪ್ಪ ಆಗ್ತದ."

"ನಿನ್ನ ಮುಷ್ಟಿಗಿ ಯಾಕವಾ?"

"ನಾನ ಹಿಡೀಬೇಕಲ್ರಿ ಇನ್ನ."

ನಾನು ಅವಳ ಮುಖ ನೋಡಿದೆ. ಅಳುತ್ತಿರಲಿಲ್ಲ, ಬೀಗುತ್ತಲೂ ಇರಲಿಲ್ಲ. ಸಂತೆಗೆ ಹೋಗುವಾಗ ಚೀಲ ಕೇಳುವ ಹಾಗೆ ಕೇಳಿದ್ದಳು. ಜಾಲಿಯ ಒಳ್ಳೆಯ ತುಂಡೊಂದನ್ನು ನನಗಾಗಿಯೇ ಮುಚ್ಚಿಟ್ಟುಕೊಂಡಿದ್ದೆ. ಅದನ್ನೇ ತೆಗೆದು ಅವಳ ಮುಷ್ಟಿಯ ಅಳತೆಗೆ ಸುತ್ತಿಗೆಯ ಹಿಡಿ ಕೆತ್ತಿ ಕೊಟ್ಟೆ.

ಅಂಬಾದಾಸ ಬೇಡ ಎನ್ನಲಿಲ್ಲ. ಬೆಂಕಿಗೆ ಗಾಳಿ ಊದುವ ಪಂಖಾದ ಪಕ್ಕ ಗೋಣಿಚೀಲ ಹಾಸಿಕೊಂಡು ಕೂತು, ಅದರ ಹಿಡಿ ತಿರುಗಿಸುತ್ತ ಪಾಠ ಶುರು ಮಾಡಿದ. ಅವಳು ವರ್ಷಗಟ್ಟಲೆ ಕುಲುಮೆಯಲ್ಲೇ ಬೆವರು ಸುರಿಸಿದವಳು, ಎಲ್ಲವೂ ಗೊತ್ತಿರುತ್ತದೆ ಎಂದು ನಾನು ತಿಳಿದಿದ್ದೆ. ಮೊದಲ ದಿನವೇ ಗೊತ್ತಾಯಿತು, ಅವಳಿಗೆ ಗೊತ್ತಿದ್ದದ್ದು ಘಣ ಒಂದೇ. ಇದ್ದಲಿಯನ್ನು ಎಲ್ಲಿ ಒತ್ತಾಗಿ ಕೂಡಿಸಬೇಕು, ಎಲ್ಲಿ ಗಾಳಿಗೆ ದಾರಿ ಬಿಡಬೇಕು, ಬೆಂಕಿಯ ಹೊಟ್ಟೆಯಲ್ಲಿ ಕಟ್ಟಿಕೊಂಡ ಕಿಟ್ಟವನ್ನು ಯಾವಾಗ ಕೆದಕಿ ತೆಗೆಯಬೇಕು, ಒಂದೂ ಗೊತ್ತಿರಲಿಲ್ಲ. ಅಷ್ಟು ವರ್ಷ ಅವಳ ಕಣ್ಣು ನೆಟ್ಟದ್ದು ಸಣ್ಣ ಸುತ್ತಿಗೆ ಬೀಳುವ ಜಾಗದ ಮೇಲೆ ಮಾತ್ರ. ಕಣ್ಣು ಬೇರೆ ಕಡೆ ಹೋಗಿದ್ದರೆ ಗಂಡನ ಕೈ ಜಜ್ಜಿ ಹೋಗುತ್ತಿತ್ತು.

ಮೊದಲು ಮಾಡಿದ್ದು ಗೋಡೆಗೆ ಬಡಿಯುವ ಕೊಂಡಿ. ಕಡ್ಡಿ ಕೆಂಪಗೆ ಕಾಯಿತು. ಇಕ್ಕಳದಿಂದ ತೆಗೆದು ಐರಣದ ಮೇಲಿಟ್ಟಳು. ಸುತ್ತಿಗೆ ಎತ್ತಿದಳು. ಎತ್ತಿದವಳು ಹಾಗೆಯೇ ನಿಂತಳು. ಕಡ್ಡಿಯ ಕೆಂಪು ಕಂದಿತು, ಕಪ್ಪಾಯಿತು. ಸುತ್ತಿಗೆ ಇಳಿಯಲಿಲ್ಲ.

"ಯಾಕ, ಹೊಡಿಯವಲ್ಲಿ?" ಎಂದ ಅಂಬಾದಾಸ.

"ನೀವು ಟಕ್ ಅನ್ನಲಿಲ್ಲಲ್ರಿ."

ಗೋಡೆಯ ಈಚೆ ನನಗೆ ನಗು ತಡೆಯಲಾಗಲಿಲ್ಲ. ಅಂಬಾದಾಸ ನಗಲಿಲ್ಲ. ಅವಳ ದನಿ ಬಂದ ಕಡೆ ಮುಖ ಮಾಡಿ ಮೆಲ್ಲಗೆ ಹೇಳಿದ: "ಟಕ್ ಅನ್ನೋ ಸುತ್ತಿಗಿ ಈಗ ನಿನ್ನ ಕೈಯಾಗ ಅದ. ಯಾರೂ ಹೇಳೋರಿಲ್ಲ ನಿನಗ."

ಮರುಸಲ ಹೊಡೆದಳು. ಹೊಡೆದದ್ದು ಘಣದ ಹೊಡೆತ! ಕಡ್ಡಿ ತಟ್ಟಿದ ರೊಟ್ಟಿಯಾಗಿ ಐರಣಕ್ಕೆ ಅಂಟಿತು. ಅದರ ಮರುಸಲ ಇಕ್ಕಳದ ಹಿಡಿತ ತಪ್ಪಿ ಕೆಂಪು ತುಂಡು ಗೋಡೆ ಹಾರಿ ನನ್ನ ಕೆತ್ತಚಕ್ಕೆಯ ಗುಡ್ಡೆಯಲ್ಲಿ ಬಿದ್ದು ಬೆಂಕಿ ಹತ್ತಿಕೊಂಡಿತು. ನಾನು ಕೊಡ ಎತ್ತಿ ಸುರಿಯುತ್ತ ಬಾಯಿಗೆ ಬಂದಂತೆ ಬೈದೆ. ಅವಳು ಗೋಡೆಯ ಮೇಲಿಂದ ಇಣುಕಿ, "ಚಕ್ಕಿ ಜರಾ ದೂರ ಹಾಕ್ಕೋರಿ ಅಣ್ಣ. ಇನ್ನ ಭಾಳ ಸಲ ಹಾರೋದದ," ಎಂದಳು. ನೋಡಿ, ತಪ್ಪು ಅವಳದು, ಬುದ್ಧಿವಾದ ನನಗೆ.

ಹಾರಿದ್ದು ನಿಜ. ಮುಂಗೈ ಮೇಲೆ ಸುಟ್ಟ ಬೊಕ್ಕೆಗಳೆದ್ದವು. ಆದರೂ ಬೇಸಿಗೆ ಮುಗಿಯುವಷ್ಟರಲ್ಲಿ ಕೊಂಡಿ ಕೊಂಡಿಯಂತೆ ಕಾಣತೊಡಗಿತು, ಮೊಳೆಗೆ ತಲೆ ಬಂತು. ಕಬ್ಬಿಣಕ್ಕೆ ತಕ್ಕ ಬಾಯಿಯ ಇಕ್ಕಳ ಆರಿಸಿ ಹಿಡಿಯುವುದು, ಪೆಟ್ಟನ್ನು ಭುಜದಿಂದಲ್ಲ, ಮಣಿಕಟ್ಟಿನಿಂದ ಕೊಡುವುದು, ಆರಿದ ಕಬ್ಬಿಣವನ್ನು ಬಡಿಯದೆ ತಿರುಗಿ ಬೆಂಕಿಗಿಡುವುದು ಕೈಗೆ ಹತ್ತಿದವು.

ಹತ್ತದೆ ಸತಾಯಿಸಿದ್ದು ಬಣ್ಣ. ಕಬ್ಬಿಣ ಎಷ್ಟು ಕಾದಿದೆ ಎಂದು ತಿಳಿಯುವುದು ಬಣ್ಣದಿಂದ. ಗುರುವಿಗೆ ಕಣ್ಣಿಲ್ಲ, ಕಣ್ಣಿರುವ ಶಿಷ್ಯಳಿಗೆ ಗುರುತಿಲ್ಲ.

"ಈಗ ಯಾವ ಬಣ್ಣ ಅದ?" ಎಂದು ಅವನು ಕೇಳುವನು.

"ಕೆಂಪು," ಎಂದು ಇವಳು ಹೇಳುವಳು.

"ಕೆಂಪಂದ್ರ ಯಾವ ಕೆಂಪು? ಕೆಂಪಿನಾಗ ಹತ್ತು ಕೆಂಪವ!"

"ಕೆಂಪಂದ್ರ ಕೆಂಪ್ರಿ! ನಿಮ್ಮ ಮಾರಿಯಂಥ ಕೆಂಪು!"

ಹೀಗೆ ಜಗಳವಾಗಿ ಆಗಿ, ಕಡೆಗೆ ಅವಳೇ ಒಂದು ದಾರಿ ಹುಡುಕಿದಳು. ತನ್ನ ಒಲೆ, ಹೊಲ, ಸಂತೆಗಳಿಂದ ಬಣ್ಣಕ್ಕೆ ಹೆಸರಿಟ್ಟಳು. ಕುರಿಯ ಕಾಳಿಜದ ಕಪ್ಪುಗೆಂಪು ಬಣ್ಣ ಬಂದರೆ ಇನ್ನೂ ಕಾದಿಲ್ಲ. ಹಣ್ಣು ಮೆಣಸಿನಕಾಯಿಯಾದರೆ ಬಗ್ಗಿಸಬಹುದು. ಮುತ್ತಲ, ಅಂದರೆ ಮುತ್ತುಗದ ಹೂವಿನ ಬಣ್ಣವಾದರೆ ಬಡಿಯಲು ಹದ. ತೊಗರಿಬೇಳೆಯಾದರೆ ಜೋಕೆ, ಅದನ್ನೂ ದಾಟಿದರೆ ಕಿಡಿ ಉದುರಿ ಕಬ್ಬಿಣ ಸುಟ್ಟು ಹೋಗುತ್ತದೆ. ಅವಳು "ಮೆಣಸಿನಕಾಯಿ ಬಂತ್ರಿ" ಎಂದರೆ ಅಂಬಾದಾಸ ಪಂಖಾ ಇನ್ನೆರಡು ಸುತ್ತು ತಿರುಗಿಸುವನು, "ಮುತ್ತಲ" ಎಂದರೆ ನಿಲ್ಲಿಸುವನು. ದಾರಿಯಲ್ಲಿ ಹೋಗುವವರು ಒಳಗೆ ಏನೋ ಅಡಿಗೆ ನಡೆದಿದೆ ಎಂದುಕೊಳ್ಳಬೇಕು, ಹಾಗಿತ್ತು ಅವರ ಮಾತು.

ಮಳೆಗಾಲ ಶುರುವಾಯಿತು. ರೈತರು ಕುಡಗಳನ್ನು ಹೊತ್ತು ಹುಮನಾಬಾದಿಗೆ ಹೋದರು. ನಮ್ಮ ಕುಲುಮೆಯ ಮುಂದೆಯೇ ಹಾದು ಹೋದರು, ಧೂಳಮ್ಮ ತಲೆ ಎತ್ತಲಿಲ್ಲ. ಆಗ ಬಂದವಳು ಗಿರಿಜಾಬಾಯಿ. ಕಳೆ ತೆಗೆಯುವ ಹೆಂಗಸರ ಗುಂಪಿನ ಮುಂದಾಳು, ಜೋರು ಬಾಯಿಯವಳು. ಪುಟ್ಟಿಯ ತುಂಬ ಮೊಂಡು ಖುರ್ಪಿಗಳನ್ನು ತಂದು ಕುಲುಮೆಯ ಮುಂದೆ ಸುರಿದಳು.

"ಪ್ರತಿ ವರ್ಷ ಗಂಡಸರ ಕೆಲಸ ಮುಗಿದ ಮ್ಯಾಲ ನಮ್ಮ ಖುರ್ಪಿ. ಅದೂ ಒಂದೆರಡು ಸಲ ತಿಕ್ಕಿ ಒಗೀತಿದ್ದ ನಿನ್ನ ಗಂಡ. ಖರೆ ಹೌದಲ್ಲೋ ಅಂಬಾದಾಸ? ಈ ವರ್ಷ ನಮ್ಮವು ಮೊದ್ಲು."

"ನಾ ಇನ್ನಾ ಕಲಿಯಾಕತ್ತೀನಿ ಗಿರಿಜಕ್ಕ," ಎಂದಳು ಧೂಳಮ್ಮ.

"ಕಲಿ. ನಮ್ಮ ಖುರ್ಪಿ ಮ್ಯಾಲೆ ಕಲಿ. ಇದಕ್ಕಿಂತ ಮೊಂಡಂತೂ ಮಾಡಂಗಿಲ್ಲ ನೀ."

ಖುರ್ಪಿಗೆ ಘಣ ಬೇಡ, ಒಬ್ಬಳೇ ಮಾಡಬಹುದಾದ ಕೆಲಸ. ಧೂಳಮ್ಮ ಒಂದೊಂದನ್ನೂ ಮಗುವಿಗೆ ಎಣ್ಣೆ ಹಚ್ಚುವಷ್ಟು ಜೋಪಾನವಾಗಿ ಬಡಿದಳು. ಅಲ್ಲದೆ, ಕೂತು ಕಳೆ ತೆಗೆದವಳಿಗೇ ತಿಳಿಯುವ ಒಂದು ಸಂಗತಿ ಅವಳಿಗೆ ತಿಳಿದಿತ್ತು: ಖುರ್ಪಿಯ ಕುತ್ತಿಗೆಯನ್ನು ತುಸು ಹೆಚ್ಚು ಬಗ್ಗಿಸಿದರೆ ಸಂಜೆಗೆ ಮಣಿಕಟ್ಟು ನೋಯುವುದಿಲ್ಲ. ಹಾಗೆಯೇ ಬಗ್ಗಿಸಿ ಕೊಟ್ಟಳು. ಶ್ರಾವಣ ಮುಗಿಯುವುದರೊಳಗೆ ನಿರ್ಣಾ ಊರಿನಿಂದಲೂ ಹೆಂಗಸರು ಖುರ್ಪಿ ತಂದರು.

ದಸರೆಯ ಹೊತ್ತಿಗೆ ಕುಡಗೋಲು ಮಾಡುವ ಹುಮ್ಮಸ್ಸು ಬಂತು. ಹುಮನಾಬಾದಿನಲ್ಲಿ ಹೈದರಾಬಾದ್ ಸಡಕಿಗೆ ಹತ್ತಿಕೊಂಡು ಮೊಹಿನುದ್ದೀನ್ ಅವರ ಗುಜರಿ ಅಂಗಡಿ ಇದೆ. ಮುರಿದ ಲಾರಿಗಳ ಕಮಾನು ಪಟ್ಟಿ ಅಲ್ಲಿ ಸಿಗುತ್ತವೆ. ಸಾದಾ ಕಬ್ಬಿಣದ ಕುಡಗೋಲು ಬೇಗ ಮೊಂಡಾಗುತ್ತದೆ, ಲಾರಿ ಪಟ್ಟಿಯದು ಹರಿತ ಹಿಡಿದು ನಿಲ್ಲುತ್ತದೆ. ನಾನು ಜೊತೆಗೆ ಹೋಗಿದ್ದೆ. ಮೊಹಿನುದ್ದೀನ್ ಯಾರು ಕಮ್ಮಾರ ಎಂದು ನನ್ನನ್ನು ಕೇಳಿದರು. ಧೂಳಮ್ಮ ಒಂದೊಂದು ಪಟ್ಟಿಯನ್ನೂ ಎತ್ತಿ ಕಲ್ಲಿಗೆ ಬಡಿದು ನಾದ ಕೇಳಿ, ಸೀಳು ಬಿಟ್ಟವನ್ನು ಬದಿಗೆಸೆದಳು. ಅವರು ತಾವೇ ಎದ್ದು ಒಳಗಿನಿಂದ ಒಳ್ಳೆಯ ಪಟ್ಟಿ ತಂದು, "ತಗೋರಿ ಬೆಹೆನ್, ಇದು ನಿಮಗ ಅಂತನ ಇಟ್ಟೀನಿ," ಎಂದರು. ಸುಳ್ಳೇ, ಆದರೂ ಕೇಳಲು ಚೆನ್ನಾಗಿತ್ತು.

ಲಾರಿ ಪಟ್ಟಿ ಕೈ ಕೊಟ್ಟಿತು. ಅಚ್ಚುಕಟ್ಟಾಗಿ ಬಗ್ಗಿಸಿದ ಮೊದಲ ಕುಡಗೋಲು ನೀರಿಗೆ ಅದ್ದಿದ ಕೂಡಲೇ 'ಟಿಣ್' ಎಂದು ನಡುವೆ ಸೀಳಿತು. ಎರಡನೆಯದೂ ಹಾಗೆಯೇ. ಮೂರನೆಯದು ಸೀಳಿದಾಗ ಧೂಳಮ್ಮ ಸುತ್ತಿಗೆ ಎಸೆದು ಮೂಲೆಯಲ್ಲಿ ಕೂತು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಮೆಣಸಿನಕಾಯಿ ಬಣ್ಣಕ್ಕನ ಅದ್ದೀನ್ರಿ. ನೀವು ಹೇಳಿದಂಗನ ಮಾಡೀನಿ," ಎಂದಳು.

ಅಂಬಾದಾಸ ಕೈ ಚಾಚಿ ಬೆಂಕಿಯ ಸುತ್ತ ಗಾಳಿಯಲ್ಲಿ ಆಡಿಸಿದ. ಬೆಂಕಿಯ ಕಾವು ಒಂದು ಕಡೆಯಿಂದ ಬರಬೇಕು, ಅವನ ಮುಂಗೈಗೆ ಇನ್ನೊಂದು ಕಡೆಯಿಂದಲೂ ತಾಗುತ್ತಿತ್ತು.

"ಏ, ಕುಲುಮಿ ಮ್ಯಾಲ ಬಿಸಿಲು ಬೀಳಾಕತ್ತದೇನು?"

ಬೀಳುತ್ತಿತ್ತು. ಮಳೆ ನಿಂತಿತೆಂದು ಪಡುವಣ ಕಡೆಯ ತಟ್ಟಿಯನ್ನು ಹೋದ ವಾರವಷ್ಟೇ ತೆಗೆದಿದ್ದರು. ಇಳಿಬಿಸಿಲು ನೇರ ಬೆಂಕಿಗೆ ಹೊಡೆಯುತ್ತಿತ್ತು. ಬಿಸಿಲಲ್ಲಿ ಕಾದ ಕಬ್ಬಿಣ ಮಂಕಾಗಿ ಕಾಣುತ್ತದೆ. ಅವಳಿಗೆ ಮೆಣಸಿನಕಾಯಿಯಾಗಿ ಕಂಡದ್ದು ನಿಜಕ್ಕೂ ತೊಗರಿಬೇಳೆ. ಅಷ್ಟು ಕಾದ ಲಾರಿ ಪಟ್ಟಿಯನ್ನು ನೀರಿಗೆ ಹಾಕಿದರೆ ಸೀಳದೆ ಏನು ಮಾಡುತ್ತದೆ? ನಾನು ಅಂದೇ ಹಳೆಯ ಬಾಗಿಲಿನ ಹಲಗೆಗಳನ್ನು ತಂದು ಆ ಕಡೆ ಭದ್ರವಾಗಿ ಮುಚ್ಚಿ ಕೊಟ್ಟೆ.

ನಾಲ್ಕನೆಯದು ಸೀಳಲಿಲ್ಲ. ಆದರೆ ಬರೀ ನೀರು ಕುಡಿದ ಉಕ್ಕು ಗಾಜಿನಷ್ಟು ಪೆಡಸು. ಆ ಪೆಡಸು ಇಳಿಸಲು ಅದರ ಅಂಚನ್ನು ಕಲ್ಲಿಗೆ ತಿಕ್ಕಿ ಹೊಳಪು ತಂದು, ಮತ್ತೆ ಕೆಂಡದ ಮೇಲೆ ಹಗುರಾಗಿ ಹಿಡಿದರೆ ಹೊಳಪಿನ ಮೇಲೆ ಬಣ್ಣ ಓಡುತ್ತದೆ. ಅದಕ್ಕೂ ಅವಳದೇ ಹೆಸರುಗಳು: ಮೊದಲು ಜೋಳದ ಒಣದಂಟಿನ ಕಣಕಿ, ಆಮೇಲೆ ಬೆಲ್ಲ, ಆಮೇಲೆ ಬದನೆಕಾಯಿ. ಬೆಲ್ಲ ಬಂದೊಡನೆ ಅದ್ದಿದಳು. ಆ ಕುಡಗೋಲಿನಿಂದ ಗಿರಿಜಾಬಾಯಿ ಜೋಳದ ಸುಗ್ಗಿ ಪೂರ್ತಿ ಕೊಯ್ದಳು. ಸುಗ್ಗಿಯ ಕೊನೆಗೂ ಅದಕ್ಕೆ ಸಾಣೆ ಬೇಕಾಗಲಿಲ್ಲ ಎಂದು ಊರೆಲ್ಲ ಸಾರಿ ಬಂದಳು.

ಆದರೆ ಊರ ಗಂಡಸರು ಸೊಪ್ಪು ಹಾಕಲಿಲ್ಲ. ಖುರ್ಪಿ, ಕುಡಗೋಲು ಹೆಂಗಸರ ಸಾಮಾನು, ಹೆಂಗಸು ಮಾಡಿದಳು, ಅದರಲ್ಲೇನು ಎಂದರು. ಪಾಟೀಲರು ಕೇಳಿದ್ದು ಕುಡ. ಕುಡಕ್ಕೆ ಇಕ್ಕಳದವರೊಬ್ಬರು, ಘಣದವರೊಬ್ಬರು ಬೇಕೇ ಬೇಕು. ಘಣದವರಿಲ್ಲದ ಕುಲುಮೆಗಳಲ್ಲಿ ಕುಡ ತಂದ ರೈತನ ಆಳೇ ಘಣ ಹೊಡೆಯುವುದು ರೂಢಿ. ಇಲ್ಲಿಯೂ ಹಾಗೆಯೇ ಆಗುತ್ತದೆ ಎಂದು ಧೂಳಮ್ಮ ನೆಚ್ಚಿಕೊಂಡಿದ್ದಳು.

ಮರುವರ್ಷ ರೋಹಿಣಿ ಮಳೆ ಒಂದು ಸಲ ಹನಿದು ಹೋದ ಮೇಲೆ, ಒಂದು ಮುಂಜಾನೆ ಪಾಟೀಲರು ಬಂದರು. ಹಿಂದೆ ಅವರ ಆಳು ಕುಡ ಹೊತ್ತುಕೊಂಡು. ಅವನ ಹಿಂದೆ ಊರಿನ ಹತ್ತೆಂಟು ಮಂದಿ, ತಮಾಷೆ ನೋಡಲು.

"ಇವತ್ತು ಆಯ್ತಂದ್ರ ಆಯ್ತು. ಇಲ್ಲಂದ್ರ ನಾಳಿಗಿ ನಾ ಬೇಮಳಖೇಡಕ್ಕ ಹೋಗಾಂವ," ಎಂದರು.

ಧೂಳಮ್ಮ ಕುಡವನ್ನು ಬೆಂಕಿಗಿಟ್ಟಳು. "ಇಕ್ಕಳ ನಾ ಹಿಡಿತೀನ್ರಿ ಮಾಲಕ್ರ. ಘಣಕ್ಕ ನಿಮ್ಮ ಮನಷ್ಯಾನ್ನ ಕಳಸ್ರಿ."

ಆಳು ಎರಡು ಹೆಜ್ಜೆ ಹಿಂದೆ ಸರಿದ. "ಅಕಿ ಟಕ್ ಅಂದಂಗೆಲ್ಲ ನಾ ಎತ್ತಿ ಎತ್ತಿ ಹೊಡೀಲೇನ್ರಿ? ನಾಳಿ ಹೋಟೆಲ್ಲಿನಾಗ ನನ್ನ ಕೂಡಾಕ ಬಿಡ್ತಾರೇನು?"

ಉಳಿದವರೆಲ್ಲ ನಕ್ಕರು. ಯಾವನೂ ಮುಂದೆ ಬರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಗೋಡೆ ಹಾರಿ ಹೋಗಿ ಘಣ ಎತ್ತಿದೆ. ಅದಕ್ಕೆ ಹಿಂದಿನ ತಿಂಗಳು ಒಮ್ಮೆ ಎತ್ತಿ ಐರಣದ ಮೂಲೆಗೆ ಬಾರಿಸಿ, ಚಿಪ್ಪು ಹಾರಿಸಿದವನು ನಾನು. ಧೂಳಮ್ಮ ನನ್ನ ಕೈಯಿಂದ ಘಣವನ್ನು ಮೆತ್ತಗೆ ಬಿಡಿಸಿದಳು. "ಬ್ಯಾಡ್ರಿ ಅಣ್ಣ. ನಿಮ್ಮ ಕೈ ಕಟಗಿ ಕೆಲಸದ್ದು. ನನ್ನ ಕೈ ಮುರೀತದ."

ಬೆಂಕಿಯಲ್ಲಿ ಕುಡ ಕೆಂಪಾಗುತ್ತಿತ್ತು. ಪಾಟೀಲರು ಹೆಗಲ ಮೇಲಿನ ಟವೆಲ್ಲು ಸರಿಪಡಿಸಿಕೊಂಡು ಹೊರಡುವ ಹಾಗೆ ಕಂಡರು. ಆಗ ಪಂಖಾ ನಿಂತಿತು. ಅಂಬಾದಾಸ ಗೋಣಿಚೀಲದ ಮೇಲಿಂದ ಎದ್ದಿದ್ದ.

"ಗುರುನಾಥ, ಪಂಖಾ ನೀ ತಿರುವು. ಏ, ಘಣ ನನ್ನ ಕೈಯಾಗ ಕೊಡು."

"ನಿಮಗ ಕಾಣಂಗಿಲ್ಲಲ್ರಿ," ಎಂದಳು ಅವಳು. ಆ ದನಿಯಲ್ಲಿ ಹೆದರಿಕೆ ಇತ್ತು.

"ಇಕ್ಕಳದವಗ ಕಣ್ಣು ಬೇಕು. ಘಣದವ ಒಂದ ಜಾಗಕ್ಕ ಹೊಡೀಬೇಕು, ಕಬ್ಬಿಣ ನೀ ಸರಸ್ತಿ. ಐರಣ ಎಲ್ಲಿ ಅದ ಅನ್ನೋದು ನನ್ನ ಕಾಲಿಗಿ ಗೊತ್ತದ. ನೀ ಟಕ್ ಅನ್ನು, ನಾ ಕೇಳ್ತೀನಿ."

ಅವನು ಅವಳು ನಿಲ್ಲುತ್ತಿದ್ದ ಜಾಗದಲ್ಲಿ ನಿಂತ. ಘಣದ ಮುಖವನ್ನು ಐರಣದ ಮೇಲೆ ಒಮ್ಮೆ ಇಟ್ಟು ದೂರ ಅಳೆದ, ಪಾದ ಊರಿಕೊಂಡ. ಖಾಲಿ ಐರಣಕ್ಕೆ ಅವಳು ಟಕ್ ಎಂದಳು, ಅವನು ಧಡ್ ಎಂದ. ಇನ್ನೊಮ್ಮೆ. ಮತ್ತೊಮ್ಮೆ. ಮೂರೂ ಸಲ ಘಣ ಬಿದ್ದದ್ದು ಒಂದೇ ಜಾಗಕ್ಕೆ.

"ಮುತ್ತಲ ಬಂತ್ರಿ," ಎಂದಳು ಧೂಳಮ್ಮ. ನಾನು ಪಂಖಾ ನಿಲ್ಲಿಸಿದೆ. ಕುಡ ಐರಣಕ್ಕೆ ಬಂತು. ಟಕ್, ಧಡ್. ಟಕ್, ಧಡ್. ಅವಳು ಕುಡವನ್ನು ಬೆರಳಿನಷ್ಟು ಬೆರಳಿನಷ್ಟು ಸರಿಸುತ್ತ ಹೋದಳು, ಅವನು ಕತ್ತು ತುಸು ವಾಲಿಸಿ ಕೇಳುತ್ತ ಹೊಡೆಯುತ್ತ ಹೋದ. ಸಾಕು ಎನ್ನಲು ಅವಳು ಸುತ್ತಿಗೆಯನ್ನು ಐರಣದ ಬದಿಗೆ ಮುಟ್ಟಿಸಿದರೆ ಘಣ ಗಾಳಿಯಲ್ಲೇ ತಡೆಯುತ್ತಿತ್ತು. ಊರ ಗಂಡಸರೆಲ್ಲರ ಎದುರಿಗೆ, ಕಮ್ಮಾರನೊಬ್ಬ ಹೆಂಡತಿಯ ಸುತ್ತಿಗೆಯ ಹುಕುಮಿಗೆ ಘಣ ಎತ್ತುತ್ತಿದ್ದ. ನನ್ನ ಕಣ್ಣು ತುಂಬಿ ಬಂದವು, ಹೊಗೆ ಎಂದು ಹೇಳುವುದಿಲ್ಲ. ನಾಲ್ಕು ಸಲ ಕಾಯಿಸಿ ಬಡಿಯುವಷ್ಟರಲ್ಲಿ ಕುಡದ ಬಾಯಿ ಈ ತುದಿಯಿಂದ ಆ ತುದಿಗೆ ದಾರ ಹಿಡಿದಂತೆ ನೆಟ್ಟಗಾಯಿತು. ನಕ್ಕವರಲ್ಲಿ ಇಬ್ಬರು ಮೆಲ್ಲಗೆ ಮನೆಗೆ ಹೋಗಿ ತಮ್ಮ ತಮ್ಮ ಕುಡ ತಂದು ಗೋಡೆಗೆ ಒರಗಿಸಿದರು.

ಪಾಟೀಲರು ಆರಿದ ಕುಡವನ್ನು ಎತ್ತಿ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದರು, ಹೆಬ್ಬೆರಳು ಆಡಿಸಿದರು. ಕೊಂಕು ತೆಗೆಯಲು ಏನೂ ಸಿಗಲಿಲ್ಲ. ರೂಢಿಯಂತೆ ಅಂಬಾದಾಸನ ಕಡೆ ತಿರುಗಿದರು.

"ಬರೋಬ್ಬರಿ ಆಗ್ಯಾದೇನು ಅಂಬಾದಾಸ? ಹಂಗಾಮು ಪೂರಾ ತಡೀತದೇನು?"

ಅಂಬಾದಾಸ ಘಣದ ಹಿಡಿಯ ಮೇಲೆ ಎರಡೂ ಕೈ ಊರಿ ಉಸಿರು ಬಿಡುತ್ತಿದ್ದ. ಮುಖವೆಲ್ಲ ಬೆವರು, ಮುಖದ ತುಂಬ ನಗು.

"ನಂಗ್ಯಾಕ ಕೇಳ್ತೀರಿ ಮಾಲಕ್ರ? ನಾ ಘಣ ಹೊಡಿಯಾಂವ. ಈ ಕುಲುಮಿ ಉಸ್ತಾದ್ ಅಲ್ಲಿ ನಿಂತಾಳ್ರಿ. ಅಕಿಗಿ ಕೇಳ್ರಿ."

ಪಾಟೀಲರು ಕುಡವನ್ನು ಗೋಡೆಗೆ ಒರಗಿಸಿದರು. ಆಮೇಲೆ ಅವಳ ಕಡೆ ತಿರುಗಿ, ಅದೇ ಮಾತನ್ನು ಅವಳಿಗೆ ಕೇಳಿದರು.

ಧೂಳಮ್ಮ ಆಗಲೇ ಮುಂದಿನವನ ಕುಡವನ್ನು ಬೆಂಕಿಗೆ ತಳ್ಳುತ್ತಿದ್ದಳು. "ತಡೀತದ್ರಿ," ಎಂದಳು. "ಜರಾ ಅತ್ತಾಗ ಸರೀರಿ ಮಾಲಕ್ರ, ಕಿಡಿ ಹಾರ್ತಾವ."

ಪಾಟೀಲರು ಸರಿದು ನಿಂತರು. ನಾನು ಪಂಖಾ ತಿರುಗಿಸತೊಡಗಿದೆ.